ಎಡಕ್ಕೆ ಸ್ವಲ್ಪ, ನೇರ

ಕಾರಿನ ಕಾಗದಪತ್ರಗಳಿಗೆ ಸಹಿ ಬಿದ್ದಾಗಿತ್ತು. ಕೀ ಮಾತ್ರ ಇನ್ನೂ ಡಾಕ್ಟರಮ್ಮನ ಮುಷ್ಟಿಯಲ್ಲೇ ಇತ್ತು. ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಕ್ಯಾಪ್ಟನ್, ಆ ಮುಷ್ಟಿಯನ್ನು ನೋಡಬಾರದು ಅಂದುಕೊಂಡೇ ನೋಡುತ್ತಿದ್ದ.

"ಚಳಿಯಲ್ಲಿ ಎರಡನೇ ಗೇರು ಸ್ವಲ್ಪ ಹಟ ಮಾಡತ್ತೆ," ಎಂದರು ಆಕೆ. "ಬಲವಂತ ಮಾಡ್ಬೇಡ. ಒಂದು ಗಳಿಗೆ ಬಿಟ್ಟು ಹಾಕು, ತಾನಾಗೇ ಬರತ್ತೆ."

"ಆಗ್ಲಿ ಮೇಡಂ."

"ಎಷ್ಟು ಸಲ ಹೇಳ್ತೀಯೇ ಅದನ್ನೇ," ಎಂದು ಬಾಗಿಲಿಗೊರಗಿ ನಿಂತಿದ್ದ ಅವರ ಗಂಡ ನಕ್ಕರು. ಬ್ಯಾಂಕಿನಿಂದ ನಿವೃತ್ತರಾದ, ಜನ್ಮದಲ್ಲಿ ಸ್ಟೀರಿಂಗ್ ಮುಟ್ಟದ ಮನುಷ್ಯ. "ಕ್ಯಾಪ್ಟನ್ನರೇ, ಬೇಗ ತಗೊಂಡು ಹೋಗಿ. ಇಷ್ಟು ವರ್ಷ ನನಗೊಬ್ಬಳು ಸವತಿ ಇದ್ದ ಹಾಗಿತ್ತು."

ಕ್ಯಾಪ್ಟನ್ನನಿಗೆ ನಗಲೂ ಆಗಲಿಲ್ಲ. ಗಮನವೆಲ್ಲ ಆ ಕೀಯ ಮೇಲೇ ಇತ್ತು. ತರಬೇತಿಯ ದಿನಗಳಲ್ಲಿ ಜೊತೆಗಾರರೆಲ್ಲ ಟ್ರಂಕಿನ ಮುಚ್ಚಳದೊಳಗೆ ಸಿನಿಮಾ ತಾರೆಯರನ್ನು ಅಂಟಿಸಿಕೊಂಡರೆ ಇವನು ಅಂಟಿಸಿಕೊಂಡಿದ್ದು ಇಂಥದೇ ಕಾರನ್ನು: ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿತೇನೋ ಎನ್ನುವಷ್ಟು ತಗ್ಗು, ಮಡಚಿಕೊಂಡು ಹಿಂದಕ್ಕೆ ಸರಿಯುವ ಮೇಲ್ಛಾವಣಿ. ಆಮೇಲೆ ಗಡಿಯ ಹಿಮದಲ್ಲಿ, ಸಂಬಳ ಖರ್ಚು ಮಾಡೋಣವೆಂದರೆ ಒಂದು ಅಂಗಡಿಯೂ ಇಲ್ಲದ ಎತ್ತರದಲ್ಲಿ, ಮಲಗುವ ಮುಂಚೆ ಮನಸ್ಸಿನಲ್ಲೇ ಅದರ ಬಾಗಿಲು ತೆಗೆದು ಕೂರುತ್ತಿದ್ದ. ಈಗ ಅದು ಹೊರಗೆ ನಿಂತಿದೆ. ಕಡುನೀಲಿ. ಅವನ ಹೆಸರಿನಲ್ಲಿ.

ಡಾಕ್ಟರಮ್ಮ ಚಹಾದ ಲೋಟಕ್ಕೆ ಕೈ ಚಾಚಿದರು. ಬೆರಳುಗಳು ಮೇಜಿನ ಮೇಲೆ ಅತ್ತಿತ್ತ ತಡವರಿಸಿ, ಲೋಟ ಸಿಕ್ಕಮೇಲೆ ನಿಂತವು. ಸಹಿ ಹಾಕುವಾಗ ಗಂಡ ಜಾಗದ ಮೇಲೆ ಬೆರಳಿಟ್ಟು ತೋರಿಸಿದ್ದೇಕೆಂದು ಕ್ಯಾಪ್ಟನ್ನನಿಗೆ ಈಗ ಹೊಳೆಯಿತು.

"ಯಾಕೆ ಮಾರ್ತಿದೀನಿ ಅಂತ ನೀನು ಕೇಳ್ಲೇ ಇಲ್ಲ," ಎಂದರು ಆಕೆ. "ಬೇರೆಯವರೆಲ್ಲ ಮೊದಲು ಅದನ್ನೇ ಕೇಳಿದ್ರು. ಇಂಜಿನ್ನಿಗೆ ಏನೋ ಆಗಿರಬೇಕು ಅಂತ. ಇಂಜಿನ್ ಗುಂಡುಕಲ್ಲಿನ ಹಾಗಿದೆ. ಹೋಗಿರೋದು ನನ್ನ ಕಣ್ಣು. ನಡುವೆ ಮಸಿ ಮೆತ್ತಿದ ಹಾಗೆ. ಅಂಚಲ್ಲಿ ಮಾತ್ರ ಒಂದಿಷ್ಟು ಕಾಣತ್ತೆ."

"ಓಡಿಸ್ಬೇಡ ಅಂತ ಯಾರೂ ಹೇಳ್ಲಿಲ್ಲ," ಎಂದರು ಗಂಡ. "ಇವಳಿಗೆ ಹೇಳೋ ಧೈರ್ಯ ಯಾರಿಗಿದೆ? ಒಂದಿನ ಗೇಟಿನ ಕಂಬಕ್ಕೆ ಉಜ್ಜಿಕೊಂಡು ಬಂದ್ಲು. ತಾನೇ ಇಳಿದು, ತಾನೇ ಶೆಡ್ಡಿಗೆ ಬೀಗ ಹಾಕಿದ್ಲು."

"ಅವತ್ತು ಕಂಬ. ಇನ್ನೊಂದಿನ ಮನುಷ್ಯರಾಗಿದ್ರೆ? ಜನರನ್ನ ಹೊಲಿದು ಹೊಲಿದು ಸವೆದ ಕೈ ಇದು."

"ಅದಕ್ಕೆ ಮುಂಚೆ ಚೆನ್ನಾಗಿ ಓಡಿಸಿದ್ದು ಯಾವಾಗ ಮೇಡಂ?"

"ಕೊನೇ ಸಲ ಅಂತ ಗೊತ್ತಿದ್ದಿದ್ರೆ ನೆನಪಿಟ್ಕೋತಿದ್ದೆ," ಎಂದು ಆಕೆ ಮುಷ್ಟಿ ಬಿಚ್ಚಿ ಕೀಯನ್ನು ಅವನ ಅಂಗೈಗೆ ಹಾಕಿದರು.

ಅವನು ಹೊರಗೆ ಬಂದು ಕಾರಿನಲ್ಲಿ ಕೂತ. ಇಂಜಿನ್ ಗುಡುಗಿ, ಕ್ರಮೇಣ ಗುರುಗುಟ್ಟತೊಡಗಿತು. ಇಷ್ಟು ವರ್ಷ ಕಾದಿದ್ದು ಈ ಸದ್ದಿಗೇ. ಹೊರಡುವ ಮುಂಚೆ ಮೆಟ್ಟಿಲ ಕಡೆ ನೋಡಿದ. ಡಾಕ್ಟರಮ್ಮ ಮುಖವನ್ನು ಬೇರೆಲ್ಲೋ ತಿರುಗಿಸಿ ನಿಂತಿದ್ದರು. ಬೇಸರಕ್ಕೆಂದು ಮೊದಲು ಅನ್ನಿಸಿತು. ಅಲ್ಲ, ಕಣ್ಣಂಚಿನಲ್ಲಿ ಕಾರನ್ನು ಹಿಡಿದುಕೊಳ್ಳಲು ಹಾಗೆ ತಿರುಗಿದ್ದರು.

ಅವನು ಇಂಜಿನ್ ಆರಿಸಿ ಕೆಳಗಿಳಿದ. ತನ್ನ ಕರ್ನಲ್‌ಗೆ ಫೋನು ಮಾಡಿ ಒಂದೆರಡು ಮಾತಾಡಿದ. ಆಮೇಲೆ ಮೆಟ್ಟಿಲ ಹತ್ತಿರ ಬಂದು, "ಮೇಡಂ, ನಮ್ಮ ಕ್ಯಾಂಪಿನ ಹಿಂದೆ ಹಳೇ ರನ್‌ವೇ ಇದೆ. ವಿಮಾನ ಇಳಿಯಲ್ಲ ಈಗ. ಇವತ್ತು ಒಂದು ನರಪಿಳ್ಳೆಯೂ ಇರಲ್ಲ. ಕರ್ನಲ್ ಒಪ್ಪಿದಾರೆ. ನೀವು ಓಡಿಸ್ತೀರಾ?" ಎಂದ.

ಗಂಡನ ಮುಖದ ನಗು ಹಾರಿಹೋಯಿತು. "ಏನ್ರೀ ಇದು ಹುಚ್ಚು! ನಿಮ್ಮ ಗಾಡಿ ಅದು ಈಗ."

"ಯುದ್ಧದ ಟ್ಯಾಂಕಿನ ಮುಚ್ಚಳ ಹಾಕಿದ್ಮೇಲೆ ಒಳಗಿರೋ ನಮ್ಮ ಡ್ರೈವರಿಗೆ ಒಂದು ಸೀಳಲ್ಲಿ ಕಂಡಷ್ಟೇ ಲೋಕ, ಸರ್. ಮೇಲೆ ನಿಂತು ದಾರಿ ಹೇಳೋನು ನಾನು. ದಿನಾ ಅದೇ ಕೆಲಸ ನನಗೆ."

ಡಾಕ್ಟರಮ್ಮ ಆಗಲೇ ಬಾಗಿಲ ಕಡೆ ತಿರುಗಿದ್ದರು. ಒಳಗೆ ಹೋಗಿ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬಂದರು.

ರನ್‌ವೇ ಬಿಸಿಲಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿ, ಉದ್ದಕ್ಕೆ ಬರಿದಾಗಿ ಬಿದ್ದಿತ್ತು. ಎರಡೂ ಪಕ್ಕ ಮೊಣಕಾಲೆತ್ತರದ ಹುಲ್ಲು. ಅಲ್ಲಿವರೆಗೆ ಓಡಿಸಿಕೊಂಡು ಬಂದ ಕ್ಯಾಪ್ಟನ್ ಇಳಿದು ಪಕ್ಕದ ಸೀಟಿಗೆ ಬಂದ. ಡಾಕ್ಟರಮ್ಮ ಸೀಟನ್ನು ಮುಂದಕ್ಕೆಳೆದು, ಗೇರಿನ ಗುಬಟವನ್ನು ಒಮ್ಮೆ ಅಂಗೈಯಲ್ಲಿ ಸವರಿ, ಹೊರಟರು.

ಕಾರು ಹುಲ್ಲಿನ ಕಡೆ ವಾಲಿತು. ಕ್ಯಾಪ್ಟನ್ ಬಾಗಿಲ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ದನಿ ಮಾತ್ರ ಅಲುಗಲಿಲ್ಲ. "ಎಡಕ್ಕೆ. ಸ್ವಲ್ಪ. ಸಾಕು. ನೇರ."

"ಗೊಣಗಬೇಡ. ಗಟ್ಟಿಯಾಗಿ ಹೇಳು."

"ನೇರ!"

ಎರಡನೇ ಗೇರಿಗೆ ಆಕೆ ಒಂದು ಗಳಿಗೆ ಕಾದರು. ಅದು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿತ್ತು. ಮೂರು. ನಾಲ್ಕು. ಕ್ಯಾಪ್ಟನ್ ರಸ್ತೆ ನೋಡಬೇಕಾದವನು ಮತ್ತೆ ಮತ್ತೆ ಆ ಕೈಗಳನ್ನು ನೋಡಿದ. ಒಂದು ಚಲನೆಯೂ ವ್ಯರ್ಥವಾಗುತ್ತಿರಲಿಲ್ಲ. ಇವನು 'ಬಲಕ್ಕೆ' ಎನ್ನುವ ಮಾತಿನ ಅರ್ಧದಲ್ಲೇ ಕಾರು ಬಲಕ್ಕೆ ಬಂದಿರುತ್ತಿತ್ತು. ಇಂಥ ಡ್ರೈವರ್ ತನ್ನ ತುಕಡಿಯಲ್ಲಿ ಒಬ್ಬನೂ ಇಲ್ಲವಲ್ಲ ಅನ್ನಿಸಿತು.

"ಮುಂದೆ ಜಾಗ ಇದೆಯಾ?"

"ಬೇಕಾದಷ್ಟು."

"ಮತ್ತೆ ಬಾಯಿ ಮುಚ್ಕೊಂಡು ಯಾಕೆ ಕೂತಿದೀಯ?"

"ಕೊಡಿ ಮೇಡಂ! ಪೂರ್ತಿ ಕೊಡಿ!"

ಸೀಟು ಬೆನ್ನಿಗೆ ಗುದ್ದಿತು. ಹುಲ್ಲು ಎರಡೂ ಪಕ್ಕ ಹಸಿರು ಗೋಡೆಯಾಯಿತು. ಡಾಕ್ಟರಮ್ಮನ ಬಿಳಿಕೂದಲು ಗಂಟು ಬಿಚ್ಚಿ ಹಿಂದಕ್ಕೆ ಹಾರಿತು. ಗಾಳಿಯಲ್ಲಿ ಆಕೆ ಏನೋ ಕೂಗಿದರು, ಅವನಿಗೆ ಕೇಳಿಸಲಿಲ್ಲ. ಅವನೂ ಏನೋ ಕೂಗಿದ. ರನ್‌ವೇಯ ಕೊನೆಯ ಬಿಳಿ ಪಟ್ಟೆ ಕಂಡಾಗ, "ಬ್ರೇಕ್, ಈಗ!" ಎಂದ. ಕಾರು ಎಳೆದ ಗೆರೆಯ ಹಾಗೆ, ಒಂದಿಷ್ಟೂ ವಾಲದೆ ನಿಂತಿತು.

ಡಾಕ್ಟರಮ್ಮ ಕೀ ತಿರುಗಿಸಿ ಇಂಜಿನ್ ಆರಿಸಿದರು. ಬಿಸಿಯಾದ ಇಂಜಿನ್ ಟಿಕ್ ಟಿಕ್ ಅನ್ನುತ್ತಿತ್ತು.

"ಆಪರೇಷನ್ ಕೋಣೆಯಲ್ಲಿ ನಾನು ಹೇಳೋದು, ಉಳಿದವರು ಕೇಳೋದು," ಎಂದರು ಡಾಕ್ಟರಮ್ಮ ಏದುಸಿರಿನಲ್ಲಿ. "ಇವತ್ತೇ ಮೊದಲು, ಇನ್ನೊಬ್ಬರ ಮಾತು ಕೇಳಿದ್ದು. ನಮ್ಮ ಯಜಮಾನರಿಗೆ ಮಾತ್ರ ಹೇಳ್ಬೇಡ."

"ಇನ್ನೊಂದ್ಸಲ ಹೋಗೋಣ್ವಾ ಮೇಡಂ?"

ಆಕೆ ಯೋಚಿಸಿದರು. "ಬೇಡಪ್ಪ. ಇದು ಚೆನ್ನಾಗಿತ್ತು."

ಅವನು ಸಹಾಯಕ್ಕೆ ಚಾಚಿದ ಕೈಯನ್ನು ಪಕ್ಕಕ್ಕೆ ಸರಿಸಿ, ಬಾನೆಟ್ಟಿನ ಮೇಲೆ ಅಂಗೈ ಆನಿಸಿಕೊಂಡು ತಾವೇ ಸುತ್ತಿ ಬಂದು ಆಚೆ ಸೀಟಿನಲ್ಲಿ ಕೂತರು. ಕೂದಲು ಕಟ್ಟಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಕ್ಯಾಪ್ಟನ್ ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿ ಕೂತು, ಇಂಜಿನ್ ಚಾಲೂ ಮಾಡಿದ. ಸ್ಟೀರಿಂಗಿನ ಕಪ್ಪು ಚರ್ಮದ ಮೇಲೆ ಎರಡು ಕಡೆ ಅಂಗೈ ಬೆವರಿನ ಗುರುತು ಇನ್ನೂ ಒದ್ದೆಯಾಗಿತ್ತು. ಅದರ ಸ್ವಲ್ಪ ಕೆಳಗೆ ಹಿಡಿದುಕೊಂಡು, ಅವನು ಕಾರನ್ನು ನಿಧಾನಕ್ಕೆ ತಿರುಗಿಸಿದ.