ವಾಸಿಯಾದವಳು

ಸೂಜಿ ಕುದಿಸುವ ಸ್ಟೌವಿನ ಸೀಮೆಎಣ್ಣೆ ವಾಸನೆ, ಅದಕ್ಕೆ ಬೆರೆತ ಡೆಟಾಲು, ಹಿಂದಿನ ಬೆಂಚಿನಲ್ಲಿ ಯಾರೋ ಸುಲಿದ ಬಾಳೆಹಣ್ಣು — ನಾಗಮಂಗಲದ ಆಸ್ಪತ್ರೆಯ ಈ ಕೋಣೆಗೆ ಬಂದಾಗಲೆಲ್ಲ ಪುಟ್ಟತಾಯಮ್ಮನಿಗೆ ಮೊದಲು ಮೂಗೇ ಚುರುಕಾಗುತ್ತದೆ, ಮೂರ್ಛೆ ಬರುತ್ತಿದ್ದ ದಿನಗಳಲ್ಲಿ ಹೀಗಲ್ಲ, ಆಗೆಲ್ಲ ಕಣ್ಣು ಬಿಡುವಾಗ ಮೂಗಿಗೆ ಬಡಿಯುತ್ತಿದ್ದದ್ದು ಜಜ್ಜಿದ ಈರುಳ್ಳಿ, ಅಂಗೈಯಲ್ಲಿ ಯಾರೋ ತುರುಕಿದ ಬೀಗದಕೈ, ಸುತ್ತ ಮುಖಗಳು, ಒದ್ದೆಯಾದ ಸೀರೆ, ನಾಚಿಕೆ, ಕೈ ಬುಡಬ್ಯಾಡಿ ಮಗೀನ ಎನ್ನುವ ಅವ್ವನ ದನಿ — ಕೇಳಿಸ್ತಾ ಅಮ್ಮ, ಒಲೆ ಮುಂದೆ ಒಬ್ಬರೇ ಅಡುಗೆ ಮಾಡ್ತೀರಾ, ಎನ್ನುತ್ತಿದ್ದಾರೆ ಡಾಕ್ಟರಮ್ಮ ಸ್ನೇಹ, ಮಾಡ್ತೀನಿ ಕಣವ್ವ, ಬಾವಿಯಲ್ಲಿ ನೀರು ಸೇದ್ತೀರಾ, ಸೇದ್ತೀನಿ, ಒಬ್ಬರೇ ಬಸ್ಸಲ್ಲಿ ಬಂದ್ರಾ, ಬಂದೆ. ಮೈಸೂರಿನಿಂದ ತಿಂಗಳಿಗೊಮ್ಮೆ ವ್ಯಾನಿನಲ್ಲಿ ಬರುವ ಡಾಕ್ಟರುಗಳು ಇವರು, ಮೂರ್ಛೆ ರೋಗದವರನ್ನು ಹುಡುಕಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದು ನೋಡಿ, ಯಾರಿಗೆ ಎಷ್ಟು ಗುಣವಾಯಿತು ಎಂದು ತಿಳಿಯುವ ಸಂಶೋಧನೆಯಂತೆ, ತೊಂಬತ್ತಮೂರರ ಬೇಸಿಗೆಯಲ್ಲಿ ಅಣ್ಣ ಚೌಡಯ್ಯ ಪಾಂಡವಪುರದಿಂದ ಕೈ ಹಿಡಿದು ಕರೆತಂದಿದ್ದ, ಆಮೇಲಾಮೇಲೆ ಬಸ್ಸು ಹತ್ತಿಸಿ ಹೋಗುತ್ತಿದ್ದ, ಈಗ ಅದೂ ಇಲ್ಲ, ಈಗ ಅವಳಿಗೆ ಮೂರ್ಛೆ ಬಂದು ಯಾವ ಕಾಲವಾಯಿತೋ, ಮನೆಯಲ್ಲಿ ಯಾರೂ ಲೆಕ್ಕ ಇಟ್ಟಿಲ್ಲ, ಡಾಕ್ಟರಮ್ಮನಿಗಷ್ಟೇ ಗೊತ್ತು. ಇದೆಲ್ಲ ಯಾಕವ್ವ ಕೇಳ್ತೀರಿ, ಎಂದಳು ಇವತ್ತು, ಧೈರ್ಯ ಮಾಡಿ. ಫಿಟ್ಸು ನಿಂತ್ರೆ ಸಾಲದಲ್ಲ ಅಮ್ಮ, ಬದುಕು ನೆಟ್ಟಗಾಯ್ತಾ ಅಂತಾನೂ ತಿಳೀಬೇಕಲ್ಲ, ನೀವು ಪೂರ್ತಿ ವಾಸಿಯಾದೋರು, ಇನ್ನು ಮೇಲೆ ಮಾತ್ರೆ ಇಲ್ಲೇ ಕೊಡ್ತಾರೆ, ನಮ್ಮ ಕೆಲಸ ಮುಗೀತು, ಮುಂದಿನ ತಿಂಗಳಿಂದ ನಾವು ಬರಲ್ಲ. ಹೇಳಿ ನಕ್ಕರು, ಅವಳ ಕೈ ಮೇಲೆ ಕೈ ಇಟ್ಟರು, ಬೆಚ್ಚಗಿನ ಕೈ, ತೆಗೆದರು. ಮನೇಲಿ ನಿಮ್ಮನ್ನ ಹೇಗೆ ನೋಡ್ಕೋತಾರೆ, ಇದೊಂದೇ ಬಾಕಿ, ಎಂದರು. ಚೆಂದಾಗಿ ನೋಡ್ಕತಾರೆ, ಎಂದಳು.

ಸುಳ್ಳೇನಲ್ಲ, ಹೊಟ್ಟೆಗೆ ಬಟ್ಟೆಗೆ ಕಮ್ಮಿ ಮಾಡಿಲ್ಲ, ಹಾಗಂದುಕೊಳ್ಳುತ್ತ ಬಸ್‌ಸ್ಟ್ಯಾಂಡಿನವರೆಗೆ ನಡೆದಳು, ಆದರೆ ಅತ್ತಿಗೆ ಚಿಕ್ಕಬೋರಮ್ಮ ಮೊದಲು ಪಕ್ಕದಲ್ಲೇ ಮಲಗುತ್ತಿದ್ದಳಲ್ಲ, ಬೈದುಕೊಂಡೇ ಆದರೂ ಮಲಗುತ್ತಿದ್ದಳು, ಕಾಲಿನ ಮೇಲೆ ಕಾಲು ಬಿದ್ದರೆ ಇದ್ದೀಯೇನೇ ಎನ್ನುತ್ತಿದ್ದಳು, ಈಗ ವಾಸಿ ಆಗೈತಲ್ಲ ಒಬ್ಳೇ ಮಲಕ್ಕ ಎಂದು ರಾಗಿ ಮೂಟೆಯ ಕೋಣೆಯಲ್ಲಿ ಚಾಪೆ ಹಾಕಿಕೊಟ್ಟಳು, ನಾಲೆಗೆ ಬಟ್ಟೆ ಒಗೆಯಲು ಹೋದರೆ ಒಬ್ಬರಾದರೂ ದಡದಲ್ಲಿ ಕೂರುತ್ತಿದ್ದರು, ಈಗ ಬಟ್ಟೆ, ಕಲ್ಲು, ನೀರು, ಅವಳು. ರೋಗ ಹೋಗುವಾಗ ಮನೆಯ ಜನವನ್ನೂ ಕರೆದುಕೊಂಡು ಹೋಯಿತೇ, ಛೆ, ಇದೆಂಥ ಯೋಚನೆ, ಅವ್ವ ಇದ್ದಿದ್ದರೆ ಬಾಯಿಗೆ ಹೊಡೆಯುತ್ತಿದ್ದಳು, ಅವ್ವ ಎಷ್ಟು ಹರಕೆ ಹೊತ್ತಿದ್ದಳು, ಗುಣವಾದದ್ದನ್ನು ನೋಡದೆ ಹೋದಳು. ಬದುಕು ನೆಟ್ಟಗಾಯ್ತಾ — ಪಾಂಡವಪುರದ ಬಸ್ಸು ನಿಂತಿದೆ, ಅದರ ಪಕ್ಕದಲ್ಲಿ ಇನ್ನೊಂದು, ಹಣೆಯ ಮೇಲೆ ದೇವಲಾಪುರ ಎಂಬ ಬೋರ್ಡು, ದೇವಲಾಪುರ, ಗಂಡನ ಊರು, ಮದುವೆಯಾದ ವರ್ಷವೇ ಹಿಟ್ಟು ತಿರುವುವಾಗ ಒಲೆ ಮುಂದೆ ಬಿದ್ದಳು, ಮೊಣಕೈ ಸುಟ್ಟಿತು, ವಾಸಿ ಮಾಡಿಸಿ ಕಳಿಸಿ ಎಂದು ಗಂಡ ನರಸಯ್ಯ ಅಪ್ಪನ ಮನೆ ಬಾಗಿಲಲ್ಲಿ ಬಿಟ್ಟುಹೋದ, ಬೇರೆ ಮದುವೆಯಾದ ಎಂದು ಯಾರೋ ಹೇಳಿದ್ದರು, ಸುದ್ದಿಯಷ್ಟೇ, ವಾಸಿ ಮಾಡಿಸಿ ಕಳಿಸಿ ಎಂದದ್ದು ಅವನೇ ತಾನೆ, ಅಣ್ಣ ಮರೆತ, ಅತ್ತಿಗೆ ಮರೆತಳು, ಅವಳು ಮರೆತಿಲ್ಲ, ವಾಸಿಯಾಗಿದ್ದೇನೆ ನೋಡಿ ಎಂದು ಒಂದು ಮಾತು ಹೇಳಿ ಬರುವುದು, ಇರುವುದಕ್ಕಲ್ಲ, ಇರು ಎಂದರೆ — ಅಷ್ಟರಲ್ಲಿ ಅವಳ ಕಾಲು ಮೆಟ್ಟಿಲ ಮೇಲಿತ್ತು, ಕಂಡಕ್ಟರು ಒಳೀಕೆ ನಡೀರಿ ಎನ್ನುತ್ತಿದ್ದ.

ಬೇಲಿ, ತೆಂಗು, ಒಣಗಿದ ಕೆರೆಯಂಗಳ, ಎದೆ ಹೊಡೆದುಕೊಳ್ಳುತ್ತದೆ, ಇದು ಮೂರ್ಛೆ ಬರುವ ಮುಂಚಿನ ಹೊಡೆತವಲ್ಲ, ಬೇರೆ, ಮದುವಣಗಿತ್ತಿಯದು, ನಾಚಿಕೆಯಿಲ್ಲ ನಿನಗೆ. ಮನೆ ಅದೇ, ಜಗುಲಿಗೆ ಸಿಮೆಂಟು ಬಂದಿದೆ. ಅತ್ತೆಯ ಕೆಮ್ಮಿಲ್ಲ. ಕೊಬ್ಬರಿ ಒಡೆಯುತ್ತ ಕೂತಿದ್ದ ಹೆಂಗಸು ಅವಳ ಕೈಯ ಮಾತ್ರೆ ಪೊಟ್ಟಣ ನೋಡಿ ಎದ್ದು ನಿಂತಳು, ಆಸ್ಪತ್ರೆಯೋರಾ, ಬನ್ನಿ ಅಕ್ಕ, ಕೂತ್ಕಳಿ, ನಾನು ದ್ಯಾವಮ್ಮ, ಈ ಮನೆಯೋಳು, ನಮ್ಮೋರು ಸಂತೆಗೆ ಹೋಗವ್ರೆ. ಅಲ್ಲ ಎನ್ನಬೇಕಿತ್ತು, ಅನ್ನಲಿಲ್ಲ, ಒಂದು ಚೊಂಬು ಮಜ್ಜಿಗೆ ಬಂತು, ತಣ್ಣಗೆ, ಉಪ್ಪು ಸರಿಯಾಗಿದೆ, ಯಾವ ಕಾಯಿಲೆ ನೋಡ್ತೀರಿ ಎಂದಳು ದ್ಯಾವಮ್ಮ. ಮೂರ್ಛೆದು, ಎಂದಳು ಪುಟ್ಟತಾಯಮ್ಮ, ಈಗ ಅದು ವಾಸಿ ಆಯ್ತದೆ. ಆ ಮುಖ ಹಠಾತ್ತನೆ ಬಾಡಿತು. ಮುಂಚೇಲೇ ನೀವು ಬಂದಿದ್ರೆ ನಮ್ಮಕ್ಕ ಉಳ್ಕತಿದ್ರು, ಎಂದಳು. ಯಾವ ಅಕ್ಕ. ನಮ್ಮೋರಿಗೆ ಮೊದ್ಲು ಕಟ್ಕಂಡಿದ್ದೋರು, ಅಪ್ಪನ ಮನೇಲಿ ಅದೇ ಕಾಯಿಲೆ ಬಂದು ನಾಲೆಗೆ ಬಿದ್ದು ತೀರೋದ್ರಂತೆ, ನಾನು ಮುಖ ನೋಡ್ನಿಲ್ಲ. ಯಾರಂದ್ರು. ನಮ್ಮೋರೇ ಅಂದ್ರು.

ನಾಲೆಯ ನೀರು, ಕೆಂಪು ನೀರು, ಸೀರೆ ಬುಗ್ಗೆಯಾಗಿ ಉಬ್ಬಿ ತೇಲುತ್ತದೆ, ಅದರೊಳಗೆ ತಾನು, ಎಳೆದು ಹಾಕುವವರಿಲ್ಲ — ಇಲ್ಲ, ಕೈಯಲ್ಲಿ ಚೊಂಬಿದೆ, ಚೊಂಬು ತಣ್ಣಗಿದೆ, ನಾನೇ ಕಣವ್ವ ಅದು ಎನ್ನಲು ಬಾಯಿ ತೆರೆದಳು, ಆದರೆ ದ್ಯಾವಮ್ಮ ಕಣ್ಣೊರೆಸಿಕೊಂಡು ಹೇಳುತ್ತಲೇ ಇದ್ದಳು, ಪ್ರತಿ ಪಿತೃಪಕ್ಷಕ್ಕೂ ಅವರ ಹೆಸರಲ್ಲಿ ಹೊಸ ಸೀರೆ ಇಟ್ಟು ಎಡೆ ಹಾಕುತ್ತಾಳಂತೆ, ಅತ್ತೆ ಮಾವನ ಎಲೆಯ ಸಾಲಲ್ಲಲ್ಲ, ಒಳಗಿನ ಕೋಣೆಯಲ್ಲಿ ಬೇರೆ ಎಲೆ, ಬಡಿಸಿ ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾಳಂತೆ, ಉಂಡುಹೋಗಲಿ ಎಂದು, ಮಕ್ಕಳಿಗೆ ಗಲಾಟೆ ಮಾಡಬೇಡಿ ದೊಡ್ಡವ್ವ ಉಣ್ಣುತಾವ್ಳೆ ಎನ್ನುತ್ತಾಳಂತೆ. ಇದೂ ಅಕ್ಕಂಗೆ ಇಟ್ಟಿದ್ದೇಯ, ಹೋದ ವರ್ಷ, ಎಂದು ಉಟ್ಟ ಸೀರೆಯ ಸೆರಗು ಹಿಡಿದು ತೋರಿಸಿದಳು, ಎಲೆಹಸಿರು, ಸಣ್ಣ ಅಂಚು. ಚೆನ್ನಾಗಿದೆ. ತನ್ನ ಮೈಬಣ್ಣಕ್ಕೂ ಒಪ್ಪುತ್ತಿತ್ತು. ಒಂದೇ ಕೊರಗು ನಂಗೆ, ಎಂದಳು ದ್ಯಾವಮ್ಮ, ಅವ್ರಿಗೇನಿಷ್ಟ ಅಂತ ಗೊತ್ತಿಲ್ಲ, ನಮ್ಮೋರ ಕೇಳುದ್ರೆ ನೆಪ್ಪಿಲ್ಲ ಅಂತಾರೆ.

ಈಗ ಹೇಳಿದರೆ ನರಸಯ್ಯ ಸುಳ್ಳನಾಗುತ್ತಾನೆ, ಆಗಲಿ, ಅವನಿಗಾಗಿಯಲ್ಲ, ಹೇಳಿದರೆ ಈ ಹೆಂಗಸು ಇನ್ನು ಎಡೆ ಹಾಕುವುದಿಲ್ಲ, ಬದುಕಿರುವವರಿಗೆ ಯಾರು ಹಾಕುತ್ತಾರೆ, ಅಕ್ಕ ಎಂದು ಅಳುವುದಿಲ್ಲ, ಸವತಿ ಎಂದು ಹೆದರುತ್ತಾಳೆ, ಮಕ್ಕಳನ್ನು ಸೆರಗಿಗೆ ಎಳೆದುಕೊಳ್ಳುತ್ತಾಳೆ. ಚೊಂಬು ಕೆಳಗಿಟ್ಟಳು. ಕಾಯಿಕಡುಬು, ಎಂದಳು.

ಅಕ್ಕ?

ಕಾಯಿಕಡುಬು ಅಂದ್ರೆ ಅವ್ಳಿಗೆ ಪ್ರಾಣ. ಬೆಲ್ಲ ವಸಿ ಮುಂದಾಗಿ ಹಾಕು.

ನಿಮಗೆ ಗೊತ್ತಿದ್ರಾ ಅವ್ರು?

ಗೊತ್ತಿದ್ಲು. ನಮ್ಮೂರೋಳೇಯ.

ದ್ಯಾವಮ್ಮ ಎರಡು ಕೈಯಿಂದ ಅವಳ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ, ಬೀದಿಯ ತನಕ ಹಾಗೇ ಹಿಡಿದು ಬಂದಳು, ಹೆಂಗಿದ್ರು ಅಕ್ಕ, ನಗೋರಾ, ಹೂಂ, ನಗೋಳು, ಹಾಡು ಹೇಳೋರಾ, ಹೂಂ. ಈಗ ಬಸ್ಸು, ಕಿಟಕಿ, ಬಿಸಿಲಿಳಿದ ಬೇಲಿಗಳು, ಊರಿಗೆ ಹೋದರೆ ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರಿಲ್ಲ, ಕೇಳಿದರೆ ಆಸ್ಪತ್ರೆಗೆ, ವಾಸಿಯಾಯಿತಂತೆ ಪೂರ್ತಿ, ಡಾಕ್ಟರಮ್ಮ ಇನ್ನು ಬರುವುದಿಲ್ಲ, ಬಂದಿದ್ದರೆ ತಾನೇನು ಹೇಳುತ್ತಿದ್ದಳು, ಇನ್ನೊಂದು ಮನೆಯಲ್ಲೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅವ್ವ, ಸತ್ತವಳನ್ನು, ಒಳಗಿನ ಕೋಣೆ, ಅದು ಯಾವ ಕೋಣೆ, ತಾನು ಹಸೆಯಿಂದೆದ್ದು ಮೊದಲು ಕಾಲಿಟ್ಟದ್ದೇ, ಅಲ್ಲೊಂದು ಎಲೆ, ಪಕ್ಕದಲ್ಲಿ ಮಡಿಕೆ ಬಿಚ್ಚದ ಸೀರೆ, ಮುಚ್ಚಿದ ಬಾಗಿಲು, ಬಾಗಿಲಾಚೆ ಉಸಿರು ಹಿಡಿದ ಮಕ್ಕಳು, ಪಾಂಡವಪುರ ಇಳಿಯೋರು ಯಾರು, ಕಂಡಕ್ಟರು ಕೂಗುತ್ತಾನೆ, ಅವಳಲ್ಲವೇ, ಏಳಬೇಕು, ಎಲೆಯ ಮೇಲೆ ಕಡುಬು, ಬಿಸಿ ಕಡುಬು, ಹಬೆ ಏಳುತ್ತಿದೆ, ಬಾಗಿಲು ಮುಚ್ಚಿದೆ, ಹಬೆ ಏಳುತ್ತಿದೆ, ಯಾರೂ ಮುಟ್ಟಿಲ್ಲ.