ಕಾರಣ ಬರೆಯದ ತೀರ್ಪು

ಮೇಲ್ಮನವಿ ಕೋರ್ಟಿನಲ್ಲಿ ಇಪ್ಪತ್ತಮೂರು ವರ್ಷ ಕೂತ ವೆಂಡಲ್ ಟಾರ್ಪ್ಲಿ ಒಂದೇ ಪದದ ತೀರ್ಪು ಬರೆಯುವುದರಲ್ಲಿ ನಿಸ್ಸೀಮ. 'ಎತ್ತಿಹಿಡಿಯಲಾಗಿದೆ.' ಅಷ್ಟೇ. ಕೆಳಗಿನ ಕೋರ್ಟು ಹೇಳಿದ್ದೇ ಸರಿ, ಯಾಕೆಂದು ಕೇಳಬೇಡಿ ಎಂದು ಅದರ ಅರ್ಥ. ಆ ದೇಶದಲ್ಲಿ ರಾಜ್ಯಕ್ಕೊಂದು ಸುಪ್ರೀಂ ಕೋರ್ಟು; ಕಾರಣ ಬರೆಯದ ತೀರ್ಪನ್ನು ಅದು ಮುಟ್ಟುವಂತಿಲ್ಲ. ಆ ಒಂದು ಪದ ಬಿತ್ತೆಂದರೆ ಕೈದಿಯ ಕಥೆ ಮುಗಿಯಿತು. ರಾಶಿ ರಾಶಿ ಕಡತ ಬಂದು ಬೀಳುವಾಗ ಮೂವರು ಜಡ್ಜುಗಳು ಎಲ್ಲದಕ್ಕೂ ಪುಟಗಟ್ಟಲೆ ಬರೆಯುತ್ತ ಕೂತರೆ ನಡೆಯುತ್ತದೆಯೇ? ಹೀಗೆಂದು ಅವನು ತನಗೆ ತಾನೇ ಸಾವಿರ ಸಲ ಹೇಳಿಕೊಂಡಿದ್ದ.

ನಿವೃತ್ತಿಗೆ ಇನ್ನೆರಡೇ ದಿನ. ಗೋಡೆಯ ಫೋಟೋಗಳನ್ನು ಇಳಿಸುತ್ತಿದ್ದಾಗ ಗುಮಾಸ್ತೆ ಮಾರ್ವೆಲ್ ಬಾಗಿಲಿಗೆ ಬಂದಳು.

"ಓಡೆಸ್ಸಾ ಗ್ಯಾಸ್ಕಿನ್ ಅಂತೆ ಸಾರ್. ಬೆಳಗ್ಗೆಯಿಂದ ಕೂತಿದಾರೆ. ಹೇಳದೆ ಬಂದ್ರೆ ನೋಡಲ್ಲ ಅಂದ್ರೆ, 'ನಂಗೂ ಬೇರೆ ಕೆಲಸ ಇಲ್ಲ, ಕಾಯ್ತೀನಿ' ಅಂತಾರೆ."

ಗ್ಯಾಸ್ಕಿನ್. ಟಾರ್ಪ್ಲಿ ಕೈಯಲ್ಲಿದ್ದ ಫೋಟೋ ಕೆಳಗಿಟ್ಟ. ಸಾವಿರಾರು ಹೆಸರು ಮರೆತವನು ಇದೊಂದನ್ನು ಮರೆತಿರಲಿಲ್ಲ.

ಒಳಗೆ ಬಂದವಳಿಗೆ ಎಪ್ಪತ್ತು ದಾಟಿತ್ತು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬೇಯಿಸಿದ ಕೈ. ಚರ್ಚಿಗೆ ಹೋಗುವಾಗ ಹಾಕುವ ಟೋಪಿಯನ್ನೇ ಹಾಕಿಕೊಂಡು ಬಂದಿದ್ದಳು.

"ಜಡ್ಜ್ ಸಾಹೇಬ್ರೇ, ನನ್ನ ತಮ್ಮ ಲೂಷಸ್ ಒಳಗೆ ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಈಗ ಲಿವರ್ ಕ್ಯಾನ್ಸರು. ಒಂದು ತಿಂಗಳು ಅಂದಿದಾರೆ ಡಾಕ್ಟ್ರು. ಬಿಡಿಸಿ ಅಂತ ಬಂದಿಲ್ಲ, ಅದು ನಿಮ್ಮ ಕೈಲೂ ಇಲ್ವಂತೆ. ಯಾಕೆ ಅಂತ ಅಷ್ಟು ಹೇಳಿ. ಒಂದು ಪದ ಬರೆದ್ರಲ್ಲ, ಅದರ ಹಿಂದೆ ಏನಿತ್ತು?"

ನೆನಪಿಲ್ಲ ಎನ್ನುವುದು ಸುಲಭವಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆ ಗುಟ್ಟು ಹೊತ್ತು ಹೊತ್ತು ಅವನಿಗೂ ಸಾಕಾಗಿತ್ತು. ಒಮ್ಮೆ ನಿಜ ಹೇಳಿ ಹಗುರಾಗಿಬಿಡೋಣ ಅನಿಸಿತು, ಹಾಳು ಆಸೆ.

"ಕಡತ ಪೂರ್ತಿ ಓದಿದ್ದೆ," ಎಂದ. "ಎರಡು ಸಲ. ಅಂಗಡಿಯವನನ್ನ ಕೊಂದಿದ್ದು ನಿಮ್ಮ ತಮ್ಮ ಅಲ್ಲ ಅಂತ ಗೊತ್ತಾಗಿತ್ತು. ಸಾಕ್ಷಿ ಹೇಳಿದೋನು ಅವತ್ತು ಊರಲ್ಲೇ ಇರಲಿಲ್ಲ. ಕಾರಣ ಬರೀಲೇಬೇಕು ಅಂತ ನಾನೊಬ್ಬ ಹಟ ಹಿಡಿದಿದ್ರೂ ಕೇಸು ಮೇಲೆ ಹೋಗ್ತಿತ್ತು. ಆ ವಾರ ಸುಪ್ರೀಂ ಕೋರ್ಟಿನ ಕುರ್ಚಿಗೆ ಗವರ್ನರು ಹೆಸರು ನೋಡ್ತಿದ್ರು. ಪಟ್ಟಿಲಿ ನಾನಿದ್ದೆ. ಕೊಲೆಗಾರನ ಪರ ನಿಂತೋನು ಅನ್ನಿಸ್ಕೊಳ್ಳೋಕೆ ಹೆದರಿದೆ."

"ಕುರ್ಚಿ ಸಿಕ್ತಾ?"

"ಇಲ್ಲ."

ಅವಳು ಬಯ್ಯಲಿಲ್ಲ. ಮುಖಕ್ಕೆ ಉಗಿದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ನಮ್ಮ ಲೂಷಸ್ ಏನಂತಾನೆ ಗೊತ್ತಾ?" ಎಂದಳು. "'ಅಕ್ಕಾ, ಪಾಪ, ಅವರಿಗೆ ಪುರುಸೊತ್ತು ಇರಲಿಲ್ಲ, ಓದೇ ಇಲ್ಲ. ಒಬ್ಬರಾದ್ರೂ ಓದಿದ್ದಿದ್ರೆ ನನ್ನ ಬಿಟ್ಟುಬಿಡ್ತಿದ್ರು' ಅಂತಾನೆ. ಆ ಮಾತು ಹಿಡ್ಕೊಂಡೇ ಇಷ್ಟು ವರ್ಷ ಬದುಕಿದ. ಈಗ ಹೋಗಿ ಏನಂತ ಹೇಳ್ಲಿ?"

ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ಅವಳೇ ಅವನ ಮುಂದೆ ಸರಿಸಿದಳು.

"ಒಂದು ಚೀಟಿ ಬರ್ಕೊಡಿ. ಕೇಸು ಓದಿರಲಿಲ್ಲ ಅಂತ."

ಅವನು ಪೆನ್ನು ತೆಗೆದುಕೊಂಡ. ಅವಳು ಹೇಳಿದಂತೆಯೇ ಬರೆದು ಕೆಳಗೆ ಹೆಸರು ಹಾಕಿದ. ಲೂಷಸ್ ಗ್ಯಾಸ್ಕಿನ್ ಕೇಸಿನಲ್ಲಿ ಅವನು ಬರೆದ ಮೊದಲ ಕಾರಣ ಅದು, ಅದೂ ಸುಳ್ಳು.

ಓಡೆಸ್ಸಾ ಕನ್ನಡಕ ಹಾಕಿಕೊಂಡು ಓದಿ, ಹಾಳೆಯನ್ನು ಮತ್ತೆ ಅವನತ್ತ ತಳ್ಳಿದಳು.

"ಹೆಸರಿನ ಕೆಳಗೆ ಜಡ್ಜ್ ಅಂತಲೂ ಹಾಕಿ. ಆಗ ನಂಬ್ತಾನೆ."