ಎರಡನೇ ಬದಿಯ ಕೊನೆಯ ಹಾಡು

ನಾನು ಅಂಗೈಯಗಲದ ಒಂದು ಕ್ಯಾಸೆಟ್ಟು, ಹುಟ್ಟುಪುಕ್ಕಲು. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಕಂದು ಪಟ್ಟಿಯನ್ನು ಹೊಟ್ಟೆಯೊಳಗೆ ಸುತ್ತಿಕೊಂಡು ಹುಟ್ಟಿದವರಿಗೆ ಧೈರ್ಯ ಎಲ್ಲಿಂದ ಬರಬೇಕು? ಬಿಸಿಲಿಗೆ ಹೆದರಬೇಕು, ಅಯಸ್ಕಾಂತಕ್ಕೆ ಹೆದರಬೇಕು, ಹಾಡಿಸುವ ಮಷೀನಿಗೂ ಹೆದರಬೇಕು.

ನನ್ನ ಜೊತೆಗೇ ಮುನ್ನೂರು ಕ್ಯಾಸೆಟ್ಟುಗಳು ತಯಾರಾದವು. ಎಲ್ಲರ ಮೈಮೇಲೂ ಒಂದೇ ಚೀಟಿ: ‘ಅಡಿವೆಪ್ಪನ ನೆನಪಿಗೆ’. ಅಡಿವೆಪ್ಪ ಹತ್ತಿಪೇಟೆಯ ಹಮಾಲ. ಕೂಲಿ ಹೆಚ್ಚಿಸಿ ಎಂದು ಜೊತೆಯವರ ಪರವಾಗಿ ಮಾತಾಡಿದ್ದಕ್ಕೆ ಅವನನ್ನು ಠಾಣೆಗೆ ಕರೆದೊಯ್ದರು. ಮೂರನೇ ದಿನ ಹೆಣ ಕೊಟ್ಟರು. ಮೊದಲೇ ದಮ್ಮಿನ ರೋಗಿ, ಉಸಿರುಕಟ್ಟಿ ಸತ್ತ ಎಂದು ಕಾಗದದಲ್ಲಿ ಬರೆದರು. ಆಗ ಊರಿನ ಮಾನವ ಹಕ್ಕು ಸಮಿತಿಯವರು ಏಳು ಮಂದಿ ಹೆಸರುವಾಸಿ ಗಾಯಕರನ್ನು ಕರೆಸಿ, ಅಡಿವೆಪ್ಪ ಕಟ್ಟಿದ ಹಾಡುಗಳನ್ನು ಹಾಡಿಸಿ ನಮ್ಮಲ್ಲಿ ತುಂಬಿದರು. ನಮ್ಮನ್ನು ಮಾರಿ ಬಂದದ್ದೆಲ್ಲ ಹೀಗೆ ಲಾಕಪ್ಪಿನಲ್ಲಿ ಸತ್ತವರ ಮನೆಯವರಿಗೆ ಎಂದು ತೀರ್ಮಾನವಾಗಿತ್ತು. ಗಾಯಕರು ಒಂದು ಲೋಟ ಚಹಾ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಆದರೆ ಹಾಡುವುದು ಅವರೆಣಿಸಿದಷ್ಟು ಸುಲಭವಾಗಿರಲಿಲ್ಲ. ಆ ಪೇಟೆಯ ಹಮಾಲರದೊಂದು ರೂಢಿ. ಹತ್ತಿಯ ಮೂಟೆ ಬೆನ್ನಿಗೇರಿತೆಂದರೆ, ಬಂಡಿಯಿಂದ ಗೋದಾಮಿನ ಬಾಗಿಲು ಮುಟ್ಟುವವರೆಗೆ ಹಾಡಿನ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು. ನಡುವೆ ಉಸಿರು ತೆಗೆದವನನ್ನು ಹಿಂದಿನವರು ಇಡೀ ದಿನ ಗೇಲಿ ಮಾಡುತ್ತಾರೆ. ನಮ್ಮ ಹೆಸರುವಾಸಿಗಳು ಬರಿಗೈಯಲ್ಲಿ, ಫ್ಯಾನಿನ ಕೆಳಗೆ ಕೂತು, ಅದೇ ಸಾಲಿಗೆ ನಾಲ್ಕು ಕಡೆ ಉಸಿರು ತೆಗೆದರು.

ಸಮಿತಿಯ ಹಿರಿಯರಾದ ಕುಬೇರಪ್ಪ ಮಾಸ್ತರರಿಗೆ ಇದು ಸರಿಬರಲಿಲ್ಲ. ಹಿಂದೊಮ್ಮೆ ಹೊಸ ಟೇಪ್‌ರೆಕಾರ್ಡರ್ ಕೊಂಡ ಹುಮ್ಮಸ್ಸಿನಲ್ಲಿ ಅವರು ಬೆಳಿಗ್ಗೆಯೇ ಪೇಟೆಗೆ ಹೋಗಿ, ಟೇಪಿನಲ್ಲಿ ಮೊದಲು ತಾರೀಖು ಹೇಳಿ, ಅಡಿವೆಪ್ಪನ ಹಾಡನ್ನು ಹಿಡಿದಿಟ್ಟಿದ್ದರು. ಅದೇ ದಿನ ಸಂಜೆ ಅವನನ್ನು ಠಾಣೆಗೆ ಒಯ್ದದ್ದು. ಮಾಸ್ತರರು ಆ ಹಾಡನ್ನು ನಮ್ಮ ಎರಡನೇ ಬದಿಯ ಕೊನೆಗೆ ಸೇರಿಸಿದರು.

‘ಹತ್ತಿ ಹಗುರ ಅಂತಾರವ್ವ, ಹೊತ್ತವನ್ನ ಕೇಳ್ಯಾರೇನ...’ ಇಪ್ಪತ್ತಾರು ಹೆಜ್ಜೆ, ಬೆನ್ನ ಮೇಲೆ ಮೂಟೆ, ಒಂದೇ ಉಸಿರು. ದಮ್ಮಿನ ರೋಗಿ ಹಾಡುವ ಹಾಡಲ್ಲ ಅದು ಎಂದು ಕಿವಿಯಿದ್ದ ಯಾರಿಗೂ ತಿಳಿಯುತ್ತಿತ್ತು. ಪೊಲೀಸರಿಗೂ ಕಿವಿಯಿತ್ತು. ವಾರದೊಳಗೆ ಅಂಗಡಿ ಅಂಗಡಿ ಜಾಲಾಡಿ, ಕೊಂಡವರ ಮನೆಗೂ ಹೋಗಿ, ನನ್ನ ಒಡಹುಟ್ಟಿದವರನ್ನೆಲ್ಲ ಗೋಣಿಚೀಲದಲ್ಲಿ ಹೊತ್ತೊಯ್ದರು. ಮಾಸ್ತರರ ಮೂಲ ಟೇಪೂ ಹೋಯಿತು. ಎಲ್ಲವನ್ನೂ ಸುಟ್ಟರೆಂದು ಆಮೇಲೆ ಕೇಳಿದೆ.

ಉಳಿದದ್ದು ನಾನೊಂದೇ. ಅಡಿವೆಪ್ಪನ ಹೆಂಡತಿ ಸಾವಂತ್ರೆವ್ವನಿಗೆ ಸಮಿತಿಯವರು ಕೊಟ್ಟಿದ್ದ ಕ್ಯಾಸೆಟ್ಟು ನಾನು. ನಮ್ಮ ಬಿಡುಗಡೆಯ ದಿನ ಗಂಡನ ದನಿಯನ್ನು ಒಮ್ಮೆ ಕೇಳಿದ್ದಳು. ಕೇಳಿದಷ್ಟೂ ದನಿ ಸವೆಯುತ್ತದೆಂದು ಮತ್ತೆ ಕೇಳಿರಲಿಲ್ಲ. ಇನ್ನೊಂದು ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತೇನೆಂದು ಮಾಸ್ತರರು ಕೈಯೊಡ್ಡಿದರೆ ನನ್ನನ್ನು ಸೆರಗಿನೊಳಗೆ ಒತ್ತಿಕೊಂಡಳು.

“ಕೊಟ್ಟಿದ್ದು ಯಾವುದರ ತಿರುಗಿ ಬಂದೈತೇನ್ರಿ ಮಾಸ್ತರ? ಅವನನ್ನೂ ಕೊಟ್ನಿ, ಹೆಣಾ ಬಂತು.”

ಮಾಸ್ತರರು ಒಡ್ಡಿದ ಕೈ ಹಿಂದಕ್ಕೆ ಎಳೆದುಕೊಂಡರು.

ಓಣಿಯ ಆಚೆ ತುದಿಯಲ್ಲಿ ಜೀಪು ನಿಂತ ದಿನ ಅವಳು ನನ್ನ ಚೀಟಿ ಕಿತ್ತು, ‘ಭಜನಾ ಪದಗಳು’ ಎಂಬ ಬೇರೆ ಚೀಟಿ ಅಂಟಿಸಿ, ಪಕ್ಕದ ಗೌರಕ್ಕನ ಮನೆಯ ಗೋಡೆಯ ಮಾಡದಲ್ಲಿ ಅವರ ಕ್ಯಾಸೆಟ್ಟುಗಳ ನಡುವೆ ಸೇರಿಸಿಬಿಟ್ಟಳು. ಹೆದರಿಯಾಳೆಂದು ಗೌರಕ್ಕನಿಗೆ ಹೇಳಲಿಲ್ಲ. ಅಲ್ಲೇ ಎಡವಿದಳು. ಪೊಲೀಸರು ಅವಳ ಮನೆಯನ್ನು ತಲೆಕೆಳಗು ಮಾಡಿ ಬರಿಗೈಯಲ್ಲಿ ಹೋದರು. ಮತ್ತೆ ಬಂದಾರೆಂದು ನನ್ನನ್ನು ಅಲ್ಲೇ ಬಿಟ್ಟಳು.

ತಿಂಗಳಾಗಿರಲಿಲ್ಲ, ಗೌರಕ್ಕನ ಮಗಳ ಮದುವೆ ಬಂತು. ಸೋಬಾನೆ ಪದ ರೆಕಾರ್ಡು ಮಾಡಬೇಕು, ಖಾಲಿ ಕ್ಯಾಸೆಟ್ಟಿಲ್ಲ. ಯಾರೂ ಕೇಳದ ಭಜನೆ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಗೌರಕ್ಕನ ತಮ್ಮ ನನ್ನನ್ನೇ ಎತ್ತಿಕೊಂಡ. ನನ್ನ ನೆತ್ತಿಯ ಮೇಲೆ ಎರಡು ಪುಟ್ಟ ಕಿಂಡಿಗಳಿವೆ. ಅವು ತೆರೆದಿದ್ದರೆ ನನ್ನಲ್ಲಿದ್ದುದನ್ನು ಯಾರೂ ಅಳಿಸಲಾರರು. ಅವನು ಕಿಂಡಿಗಳಿಗೆ ಕಾಗದ ತುರುಕಿ ಕೆಂಪು ಗುಂಡಿ ಒತ್ತಿದ.

ನನಗಾದ ಭಯವನ್ನು ಹೇಗೆ ಹೇಳಲಿ! ಹೆಂಗಸರು ನಗುನಗುತ್ತ ಹಾಡುತ್ತಿದ್ದರು, ಒಳಗೆ ಒಬ್ಬೊಬ್ಬರೇ ಗಾಯಕರು ಅಳಿಸಿಹೋಗುತ್ತಿದ್ದರು. ಮೊದಲ ಬದಿ ಪೂರ್ತಿ ಹೋಯಿತು. ತಿರುವಿ ಹಾಕಿದರು. ಐದನೆಯವರು ಹೋದರು, ಆರನೆಯವರು ಹೋದರು. ಕೂಗಲು ನನಗೆ ಬಾಯಿಲ್ಲ. ಏಳನೆಯವರ ಹಾಡು ಅರ್ಧ ಅಳಿಸಿತ್ತು, ಅದರ ಬೆನ್ನಿಗೇ ಅಡಿವೆಪ್ಪ. ಅಷ್ಟರಲ್ಲಿ ಕೆಲಸದಿಂದ ಮರಳುತ್ತಿದ್ದ ಸಾವಂತ್ರೆವ್ವ ಬಾಗಿಲಲ್ಲಿ ನಿಂತಳು. ಮಾಡದ ಕಡೆ ನೋಡಿದಳು, ಮಷೀನಿನ ಕಡೆ ನೋಡಿದಳು.

“ನಿಂದ್ರಸ! ಗೌರಕ್ಕಾ, ಅದನ್ನ ನಿಂದ್ರಸ!”

“ಯಾಕವಾ ಸಾವಂತ್ರಿ? ಭಜನಿ ಹಾಡ, ಹೋದ್ರ ಹೋಗ್ಲಿ ಬಿಡ. ಮತ್ತೊಂದ ತಂದ್ರಾತು.”

“ಅದರಾಗ ನನ್ನ ಗಂಡ ಅದಾನ!”

ಹಾಡು ನಿಂತಿತು. ಗೌರಕ್ಕ ನನ್ನನ್ನು ಮಷೀನಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಮೂರು ವರ್ಷದ ಮೇಲೆ ಸರಕಾರ ಒಬ್ಬ ನಿವೃತ್ತ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಸಾವಂತ್ರೆವ್ವ ನನ್ನನ್ನು ಅವರ ಮೇಜಿನ ಮೇಲಿಟ್ಟಳು. ಪಟ್ಟಿ ಮಷೀನಿಗೆ ಸಿಕ್ಕಿಕೊಂಡರೆ ಎಲ್ಲ ಮುಗಿಯಿತು ಎಂಬ ಹೆದರಿಕೆ ನನಗೂ ಇತ್ತು, ಅವಳಿಗೂ. ಗುಂಡಿ ಒತ್ತಿದರು. ಅರ್ಧ ಸೋಬಾನೆ, ಏಳನೆಯವರ ಅರ್ಧ ಹಾಡು, ಆಮೇಲೆ ತಾರೀಖು ಹೇಳುವ ಮಾಸ್ತರರ ದನಿ, ಅದರ ಹಿಂದೆ ಅಡಿವೆಪ್ಪ. ಬರೆದುಕೊಳ್ಳುತ್ತಿದ್ದ ಗುಮಾಸ್ತ ತನಗರಿವಿಲ್ಲದೆ ಉಸಿರು ಬಿಗಿಹಿಡಿದು, ಸಾಲಿನ ನಡುವೆಯೇ ಸೋತು ಕೆಮ್ಮಿದ. ಸಾಲು ಇನ್ನೂ ನಡೆದಿತ್ತು.

ಅಂದು ಸಾವಿನ ಕಾಗದಕ್ಕೆ ಸಹಿ ಹಾಕಿದ್ದ ಡಾಕ್ಟರರತ್ತ ನ್ಯಾಯಾಧೀಶರು ತಿರುಗಿದರು. “ಡಾಕ್ಟರೇ, ದಮ್ಮಿನ ರೋಗಿ ಹೀಗೆ ಹಾಡಬಲ್ಲನೇ?”

“ಇಲ್ಲ ಸ್ವಾಮಿ.”

“ಇನ್ನೊಂದ ಸಲ ಹಚ್ರಿ ಸಾಹೇಬ್ರ,” ಎಂದು ಸಾವಂತ್ರೆವ್ವ ಕೈಮುಗಿದಳು. ಸಾಕ್ಷಿಗೆ ಒಂದು ಸಲ ಸಾಕು ಎಂದರು. ನನ್ನನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಕಬ್ಬಿಣದ ಬೀರುವಿಗೆ ಸೇರಿಸಿದರು.

ಠಾಣೆಯವರ ಮೇಲೆ ಮೊಕದ್ದಮೆ ಬಿತ್ತು. ಕೆಳಗಿನ ಕೋರ್ಟು, ಮೇಲಿನ ಕೋರ್ಟು ಎಂದು ಇನ್ನೂ ಅಲೆಯುತ್ತಿದೆ. ಅದು ಮುಗಿಯುವವರೆಗೆ ಸಾಕ್ಷಿಯನ್ನು ಹೊರಗೆ ಕೊಡುವಂತಿಲ್ಲವಂತೆ. ಇಲ್ಲಿ ಕತ್ತಲು, ಸೆಕೆ. ನನ್ನ ಪಟ್ಟಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಲಕೋಟೆ ಒಡೆದ ದಿನ ನನ್ನೊಳಗೆ ದನಿಯೇ ಇರದಿದ್ದರೆ? ನನ್ನನ್ನು ಸುಡಲು ಹುಡುಕಿದವರಿಗೂ ನಾನು ಇಷ್ಟು ಹೆದರಿರಲಿಲ್ಲ.

ಸಾವಂತ್ರೆವ್ವ ವರ್ಷಕ್ಕೊಮ್ಮೆ ಬಂದು, ನನ್ನನ್ನು ಕೊಡಿ ಎಂದು ಕೇಳಿ ಹೋಗುತ್ತಾಳೆ. ಈ ಸಲ ಹೊಸ ಗುಮಾಸ್ತರಿದ್ದರು.

“ಯಾವ ಕ್ಯಾಸೆಟ್ಟಮ್ಮಾ? ನಂಬರ್ ಹೇಳಿ.”

“ನಂಬರ ಗೊತ್ತಿಲ್ರಿ ಯಪ್ಪಾ. ಹಾಡ ಗೊತ್ತೈತಿ.”

ಅಲ್ಲೇ ನಿಂತು ಹಾಡಿದಳು. ಮುದಿ ದನಿ ಬೀರುವಿನ ತಗಡು ದಾಟಿ ಬಂತು. ‘ಹತ್ತಿ ಹಗುರ ಅಂತಾರವ್ವ, ಹೊತ್ತವನ್ನ...’ ಅಲ್ಲಿಗೆ ಅವಳ ಉಸಿರು ಮುಗಿಯಿತು. ಉಳಿದ ಸಾಲು ನನ್ನೊಳಗಿತ್ತು. ನಾನು ಮುದ್ರೆಯೊಳಗಿದ್ದೆ.